ಹತ್ತು ಕೋಟಿ ಒಂದು

ನಮ್ಮ ಭಾವ ಪುಸ್ತಕಕ್ಕೆ ರಟ್ಟು ಕಟ್ಟುವವರು. ಸಾವಿರಾರು ಪುಸ್ತಕ ಕಟ್ಟಿದ್ದಾರೆ, ಒಂದನ್ನೂ ಓದಿದವರಲ್ಲ. ನಮ್ಮ ಗ್ರಹಚಾರಕ್ಕೆ ಒಮ್ಮೆ ಗಣಿತದ ಪುಸ್ತಕವೊಂದರ ಒಂದು ಪುಟ ಓದಿಬಿಟ್ಟರು. ಒಂದು ಮತ್ತು ತಾನು, ಇವೆರಡು ಬಿಟ್ಟು ಬೇರೆ ಯಾವುದರಿಂದಲೂ ಶೇಷವಿಲ್ಲದೆ ಭಾಗವಾಗದ ಸಂಖ್ಯೆ ಅವಿಭಾಜ್ಯ ಎಂದು ಅದರಲ್ಲಿತ್ತು. ಅಂದೇ ಒಂದು ಸಂಖ್ಯೆಯ ಬೆನ್ನು ಹತ್ತಿದರು: ಹತ್ತು ಕೋಟಿ ಒಂದು. ಎರಡು ತುದಿಗೆ ಒಂದೊಂದು, ನಡುವೆ ಏಳು ಸೊನ್ನೆ. ಎಷ್ಟು ಲಕ್ಷಣವಾಗಿದೆ, ಇದು ಭಾಗವಾಗಲು ಸಾಧ್ಯವೇ ಇಲ್ಲ ಎಂದರು. ನಮ್ಮಕ್ಕನನ್ನು ಒಂದು ದಿನವೂ ಹಾಗೆ ಹೊಗಳಿದ ಪುಣ್ಯಾತ್ಮರಲ್ಲ.

ಪರೀಕ್ಷಿಸಲು ಹತ್ತು ಸಾವಿರದೊಳಗಿನ ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಸಾಕು. ಅವು ಸಾವಿರದ ಇನ್ನೂರ ಇಪ್ಪತ್ತೊಂಬತ್ತು. ಭಾವ ಅಷ್ಟೇ ಹಾಳೆ ತೆಗೆದು, ಒಂದೊಂದರ ತಲೆಯಲ್ಲಿ ಒಂದೊಂದು ಅವಿಭಾಜ್ಯ ಬರೆದು, ಹೊಲಿಸಿ, ಅಂಟು ಬಳಿದು, ತಲೆದಿಂಬಿನಷ್ಟು ದಪ್ಪ ಪುಸ್ತಕ ಮಾಡಿಕೊಂಡರು. ದಿನಕ್ಕೆ ಒಂದೇ ಹಾಳೆ, ಒಂದೇ ಭಾಗಾಕಾರ. ಎರಡು ಮಾಡಿದರೆ ತಲೆ ಬಿಸಿಯಾಗುತ್ತದಂತೆ. ಇಲ್ಲದ್ದು ಹೇಗೆ ಬಿಸಿಯಾಗುತ್ತದೋ ನಾ ಕಾಣೆ.

ಇತ್ತ ನನ್ನ ಮನೆಯಲ್ಲಿ ಅಮ್ಮನ ಕಣ್ಣು ಮಂಜಾಗುತ್ತ ಬಂತು. ಇದು ವಾಸಿಯಾಗುವುದಲ್ಲ ಎಂದರು ಡಾಕ್ಟರು. ಪೂರ್ತಿ ಕತ್ತಲಾಗುವ ಮೊದಲು ಮಗಳ ಮುಖ ನೋಡಬೇಕು ಎಂಬುದೊಂದೇ ಅಮ್ಮನ ಆಸೆ. ಆದರೆ ಅಂಗಡಿಯಲ್ಲಿ ಹಾಳೆ ಹೊಲಿಯುವವಳು ಅಕ್ಕನೇ. ಸಂಖ್ಯೆ ಮುಗಿಯಲಿ, ಅಂಗಡಿ ಮುಚ್ಚಿ ಇಬ್ಬರೂ ಬರುತ್ತೇವೆ ಎಂದು ಭಾವ ಹೇಳುತ್ತಲೇ ಇದ್ದರು.

ಮೂರು ವರ್ಷ ನಾಲ್ಕು ತಿಂಗಳಿಗೆ ಮುಗಿಯಿತು; ಯಾವುದರಿಂದಲೂ ಭಾಗವಾಗಲಿಲ್ಲವಂತೆ. ಕರೆತರಲು ನಾನೇ ಹೋದೆ. ಭಾವ ಸ್ನಾನಕ್ಕಿಳಿದಾಗ, ಗೇಲಿ ಮಾಡಲು ಏನಾದರೂ ಸಿಕ್ಕೀತೆಂದು ಆ ಪುಸ್ತಕ ತಿರುವಿದೆ. ಹದಿಮೂರಾದ ಮೇಲೆ ಹತ್ತೊಂಬತ್ತು ಬಂತು. ಹದಿಮೂರರ ಹಾಳೆ ಮುಟ್ಟಿದರೆ ದಪ್ಪ. ಚಾಕು ತೂರಿಸಿ ಬಿಡಿಸಿದೆ. ಒಳಗೆ ಹದಿನೇಳರ ಹಾಳೆ, ಖಾಲಿ. ಇವರೇ ಬಳಿದ ಅಂಟು ಎರಡನ್ನೂ ಕಚ್ಚಿ ಹಿಡಿದಿತ್ತು. ತಿರುವಿದಾಗ ಬಂದದ್ದರಿಂದ ಭಾಗಿಸುತ್ತ ಹೋದ ಮಹಾಶಯರಿಗೆ ನಡುವೆ ಹದಿನೇಳು ಎಂಬುದೊಂದಿದೆ ಎಂದು ಹೊಳೆದೇ ಇಲ್ಲ.

ಅಲ್ಲೇ ಭಾಗಿಸಿದೆ. ಐವತ್ತೆಂಟು ಲಕ್ಷದ ಎಂಬತ್ತೆರಡು ಸಾವಿರದ ಮುನ್ನೂರ ಐವತ್ತಮೂರು ಸಲ, ಶೇಷ ಸೊನ್ನೆ. ಹದಿನೇಳು ಏಳನೆಯ ಅವಿಭಾಜ್ಯ. ಏಳನೆಯ ದಿನವೇ ಮುಗಿಯಬೇಕಿದ್ದ ಕೆಲಸ.

ಭಾವ ಹೊರಬರಲಿ, ಮುಖದ ಮೇಲೆ ಹೊಡೆದ ಹಾಗೆ ಹೇಳುತ್ತೇನೆ ಎಂದು ಕಾದು ಕೂತೆ. ಅಕ್ಕ ಹಾಳೆ ನೋಡಿದಳು, ನನ್ನ ಲೆಕ್ಕವನ್ನೂ ನೋಡಿದಳು. ಅಂಟಿನ ಬ್ರಷ್ ತಂದು ಎರಡೂ ಹಾಳೆಗಳನ್ನು ಮತ್ತೆ ಸೇರಿಸಿ ಒತ್ತಿದಳು.

"ಹೇಳ್ಬೇಡ ಕಣೋ. ಹೇಳಿದ್ರೆ ಬ್ಯಾಗು ಕೆಳಗಿಟ್ಟು ಇನ್ನೊಂದು ಸಂಖ್ಯೆ ಹಿಡೀತಾರೆ. ಅಮ್ಮನ ಕಣ್ಣು ಅಲ್ಲೀವರೆಗೆ ಕಾಯುತ್ತಾ?"

ಬಸ್ಸಿನುದ್ದಕ್ಕೂ ಆ ಪುಸ್ತಕ ನನ್ನ ತೊಡೆಯ ಮೇಲಿತ್ತು. ಮನೆ ಸೇರಿದ್ದೇ ಅಮ್ಮ ಅಕ್ಕನನ್ನು ಕಿಟಕಿಯ ಬಳಿ ಕೂರಿಸಿ, ಮುಖವನ್ನು ಬೆಳಕಿಗೆ ತಿರುಗಿಸಿದಳು. ಹಿಂದೆ ನಿಂತ ಭಾವ ಪುಸ್ತಕ ಎತ್ತಿ ಹಿಡಿದು, ಇದನ್ನು ಯಾರ ಕೈಲೂ ಭಾಗಿಸೋಕಾಗಲ್ಲ ಅತ್ತೆ ಎಂದು ಕೊಚ್ಚಿಕೊಳ್ಳುತ್ತಿದ್ದರು.

"ಹೌದೇನೋ?" ಎಂದು ಅಮ್ಮ ನನ್ನನ್ನು ಕೇಳಿದಳು.

"ಹೌದಮ್ಮ," ಅಂದೆ.

ಅಮ್ಮ ಅಕ್ಕನ ಮುಖವನ್ನು ಇನ್ನೂ ಹತ್ತಿರಕ್ಕೆ ಎಳೆದುಕೊಂಡು ಬಹಳ ಹೊತ್ತು ನೋಡಿದಳು. "ಕೂದಲು ಇನ್ನೂ ಕಪ್ಪಗೇ ಇದೆಯಲ್ಲೇ," ಅಂದಳು.

ಅಕ್ಕನ ತಲೆ ಅರ್ಧಕ್ಕರ್ಧ ಬೆಳ್ಳಗಾಗಿತ್ತು.