ಏನೂ ಬಾರದ ಟೀಚರು

ವಿಜಯಲಕ್ಷ್ಮಿ ಟೀಚರು ಒಂದಾದರೂ ತಪ್ಪು ಮಾಡದೆ ದಿನದ ಪಾಠ ಶುರು ಮಾಡುತ್ತಿರಲಿಲ್ಲ. ಎಡಗಾಲಿನ ಚಪ್ಪಲಿಯನ್ನು ಬಲಗಾಲಿಗೆ ಹಾಕಿಕೊಂಡು ಬರುವರು. ಬಿಚ್ಚದ ಛತ್ರಿಯನ್ನು ಬಿಸಿಲಿಗೆ ಹಿಡಿಯುವರು. "ಟೀಚರ್, ಉಲ್ಟಾ!" ಎಂದು ಮಕ್ಕಳೆಲ್ಲ ಕೂಗುವರು. ಅದು ಶಹಾಪುರದಲ್ಲಿ, ಬುದ್ಧಿಮಾಂದ್ಯರೆಂದು ಜನ ಕರೆಯುವ ಮಕ್ಕಳಿಗಾಗಿ ಇದ್ದ ಸಣ್ಣ ಶಾಲೆ.

ನನ್ನ ತಂಗಿ ನಾಗಮ್ಮ ಅಲ್ಲಿ ಸೇರಿದಾಗ ಹದಿನೇಳರ ಹುಡುಗಿ. ಮನೆಯವರ ಹೊರತು ಯಾರೊಂದಿಗೂ ಮಾತಿಲ್ಲ. ಒಂದು ದಿನ ಟೀಚರು ಒಣ ಜೋಳದ ಹಿಟ್ಟನ್ನೇ ತಟ್ಟುತ್ತ ಕುಳಿತು, "ಯಾಕ ರೊಟ್ಟಿ ಆಗವಲ್ದು?" ಎಂದರಂತೆ. ಮೂಲೆಯಿಂದ ನಾಗಮ್ಮ ಗದರಿದಳು: "ನೀರ್ ಹಾಕು! ಅಷ್ಟೂ ತಿಳಿಯಂಗಿಲ್ಲ?"

ಸಂಜೆ ಅವ್ವನಿಗೆ ವರದಿ: "ಟೀಚರ್‌ಗಿ ಏನೂ ಬರಂಗಿಲ್ಲ. ನಾಳಿಗಿ ನಾನೇ ಕಲಸ್ತೀನಿ."

ಅಂದಿನಿಂದ ಬೆಳಗ್ಗೆ ಅವಳನ್ನು ಎಬ್ಬಿಸುವ ಕೆಲಸ ತಪ್ಪಿತು.

ನಮ್ಮೂರು ಶಿರವಾಳದಿಂದ ದಿನಾ ಅವ್ವನೇ ಅವಳನ್ನು ಬಸ್ಸಿನಲ್ಲಿ ಕರೆದೊಯ್ಯುತ್ತಿದ್ದಳು. ಹತ್ತಿ ಬಿಡಿಸುವ ಕೆಲಸ ಶುರುವಾದ ಮೇಲೆ ಅದು ಆಗದಾಯಿತು. ನಾನು ಓದಲು ಕಲಬುರಗಿಯಲ್ಲಿದ್ದೆ. ನಾಗಮ್ಮ ಒಬ್ಬಳೇ ಹೋಗಬೇಕು, ಇಲ್ಲವೆ ಶಾಲೆ ಬಿಡಬೇಕು.

"ಅಕಿ ಒಬ್ಬಾಕಿ ಹ್ಯಾಂಗ ಬರ್ತಾಳ್ರಿ ಟೀಚರ್?" ಎಂದಳು ಅವ್ವ.

"ಒಬ್ಬಾಕಿ ಯಾಕ್ರಿ? ನನಗ ದಾರಿ ಗೊತ್ತಿಲ್ಲ. ನನ್ನ ಕರ್ಕೊಂಡ್ ಬರ್ತಾಳ."

ಮಾರನೆಯ ಬೆಳಗ್ಗೆ ಟೀಚರು ಶಿರವಾಳಕ್ಕೇ ಬಂದರು. ನಾಗಮ್ಮ ಅವರನ್ನು ಕೈ ಹಿಡಿದು ಬಸ್ಸು ಹತ್ತಿಸಿದಳು. ಪುಕ್ಕಟೆ ಟಿಕೆಟಿಗೆ ಆಧಾರ್ ಕಾರ್ಡು ತೋರಿಸೆಂದು ತಾಕೀತು ಮಾಡಿದಳು. ನಡುವೆ ಎಲ್ಲೋ ಇಳಿಯಲು ಎದ್ದ ಟೀಚರ ಸೆರಗು ಜಗ್ಗಿದಳು: "ಇದಲ್ಲ, ಕುಂದ್ರು!"

ಹೀಗೇ ಕೆಲವು ವಾರ ನಡೆಯಿತು. ಆಮೇಲೆ ಒಂದು ದಿನ ಟೀಚರು ಊರಿಗೆ ಬರಲಿಲ್ಲ. ಶಹಾಪುರದ ಬಸ್ ನಿಲ್ದಾಣದಲ್ಲಿ, ಚಹಾ ಅಂಗಡಿಯ ಮರೆಯಲ್ಲಿ ಅವಳ ಬಸ್ಸಿಗಾಗಿ ಕಾಯುತ್ತ ನಿಂತಿದ್ದರು. ಬಸ್ಸು ಬಂತು. ನಾಗಮ್ಮ ಒಬ್ಬಳೇ ಇಳಿದಳು. ಟೀಚರನ್ನು ಕಂಡದ್ದೇ ಅವಳಿಗೆ ಸಿಟ್ಟು ಬಂತು.

"ನನ್ನ ಬಿಟ್ಟು ಬಂದ್ಯಾ? ದಾರಿ ತಪ್ಪಿದ್ರ ಏನ್ ಮಾಡ್ತಿದ್ದಿ?"

"ತಪ್ಪಾತವ್ವ," ಎಂದು ಟೀಚರು ಕಣ್ಣೊರೆಸಿಕೊಂಡರಂತೆ.

ಈ ವರ್ಷ ಅವರಿಗೆ ಯಾದಗಿರಿಯ ಶಾಲೆಯೊಂದರಲ್ಲಿ ಕೆಲಸ ಸಿಕ್ಕಿತು. ಕಳಿಸಿಕೊಡಲು ನಾನೂ ನಾಗಮ್ಮನೂ ಶಹಾಪುರಕ್ಕೆ ಹೋದೆವು. ನಾಗಮ್ಮ ನೇರವಾಗಿ ಕಂಡಕ್ಟರನ ಬಳಿ ಹೋಗಿ ನಿಂತಳು.

"ಯಾದಗಿರಿ ಬಂದ್ರ ಈಕಿಗಿ ಹೇಳ್ರಿ. ಈಕಿಗಿ ಗೊತ್ತಾಗಂಗಿಲ್ಲ."

"ಇವರು ಟೀಚರ್ ಅದಾರಲ್ಲಬೇ!" ಎಂದ ಅವರನ್ನು ಬಲ್ಲ ಕಂಡಕ್ಟರ್.

"ಟೀಚರ್ ಅದಾಳ. ಅದಕ್ಕೇ ಹೇಳಾಕತ್ತೀನಿ."

"ಖರೇನ್ರಿ, ಮರೀಬ್ಯಾಡ್ರಿ," ಎಂದರು ಟೀಚರು, ತುಸುವೂ ನಗದೆ.

ಬಸ್ಸು ಹೊರಟಿತು. ಅದು ತಿರುವಿನಲ್ಲಿ ಮರೆಯಾದ ಮೇಲೂ ನಾನು ಅತ್ತಲೇ ನೋಡುತ್ತ ನಿಂತಿದ್ದೆ. ನಾಗಮ್ಮ ನನ್ನ ತೋಳು ಹಿಡಿದೆಳೆದಳು.

"ನಡಿ ಅಕ್ಕ. ನಮ್ಮ ಬಸ್ ಆ ಕಡಿ ನಿಂದರ್ತದ."