ಗಾದಿಯ ಅಂಚು

ಜೀವಂತ ಮನುಷ್ಯನ ಮೂಗಿನಲ್ಲಿ ಹತ್ತಿ ಕಂಡದ್ದು ನನಗೆ ಅದೇ ಮೊದಲು. ಎರಡೂ ಹೊಳ್ಳೆಗಳಲ್ಲಿ ಉಂಡೆ ಕಟ್ಟಿ ತುರುಕಿದ ಬಿಳಿ ಹತ್ತಿ. ಹುಬ್ಬಿನ ಮೇಲೆ, ರೆಪ್ಪೆಯ ತುದಿಯಲ್ಲಿ, ಗಡ್ಡದ ಸಂದಿನಲ್ಲಿ ಹತ್ತಿಯ ನವಿರು. ಹಿಂದಿನ ಬೇಸಿಗೆಯಲ್ಲಷ್ಟೇ ನಮ್ಮ ದೊಡ್ಡಪ್ಪನನ್ನು ಹಾಗೆಯೇ ಮೂಗಿಗೆ ಹತ್ತಿಯಿಟ್ಟು ಅಂಗಳದಲ್ಲಿ ಮಲಗಿಸಿದ್ದನ್ನು ನೋಡಿದ್ದೆ. ನನಗಾಗ ಏಳು ವರ್ಷ. ಬಾಗಿಲಲ್ಲಿ ಎದ್ದು ನಿಂತಿದ್ದ ಆ ಹೆಣವನ್ನು ಕಂಡು ಕಿರುಚಲೂ ಆಗದೆ ಒಳಗೆ ಓಡಿ, ಮಡಿಯುಟ್ಟು ಅಡುಗೆ ಮಾಡುತ್ತಿದ್ದ ಅಮ್ಮನನ್ನು ತಬ್ಬಿಕೊಂಡೆ. ಅಮ್ಮ ಬೈದುಕೊಳ್ಳುತ್ತ ಮತ್ತೊಮ್ಮೆ ಸ್ನಾನಕ್ಕೆ ಹೋದಳು. ನನ್ನ ಭಯದಿಂದ ಬೇರೆಯವರಿಗೆ ಕೆಲಸ ಹೆಚ್ಚಾಗುವುದು ಅಂದಿನಿಂದ ಶುರುವಾಯಿತು.

ಹೆಣವಲ್ಲ, ಗಾದಿ ಹೊಲಿಯುವ ಪಿಂಜಾರರು. ಹೆಗಲ ಮೇಲೆ ಹತ್ತಿ ಹಿಂಜುವ ಆಳುದ್ದದ ಕಮಾನು, ಕೈಯಲ್ಲಿ ಮರದ ಕೊಡತಿ. ಹತ್ತಿಯ ಧೂಳು ಎದೆಗಿಳಿಯದಿರಲಿ ಎಂದು ಮೂಗಿಗೆ ಆ ವ್ಯವಸ್ಥೆ. ಆಗ ಅವರಿಗೆ ನಲವತ್ತೂ ಆಗಿರಲಿಲ್ಲ. ಮೈಮೇಲಿನ ಬಿಳುಪು ನೋಡಿ ನಮ್ಮ ಕೇರಿಯ ಮಕ್ಕಳೆಲ್ಲ ‘ಗಾದಿ ತಾತ’ ಎಂದು ಕರೆದೆವು. ನಿಜವಾಗಿಯೂ ತಾತನಾಗುವವರೆಗೆ ಅವರು ಆ ಹೆಸರನ್ನು ಹೊತ್ತುಕೊಂಡು ತಿರುಗಿದರು. ಅವರು ಹೋಗಿ ಇನ್ನೂ ಇಪ್ಪತ್ತು ದಿನವಾಗಿಲ್ಲ.

ಆಂಧ್ರದ ಗಡಿಯ ನಮ್ಮ ಆದವಾನಿಯಲ್ಲಿ ಶರದೃತು ಬಂದದ್ದು ತಿಳಿಯುವುದು ಹತ್ತಿಯಿಂದಲೇ. ದಸರೆ ಮುಗಿದು ಶೀಗಿ ಹುಣ್ಣಿಮೆಯ ಹೊತ್ತಿಗೆ ಬೆಳಗಲ್, ನಂದವರಂ ಕಡೆಯ ಗಾಡಿಗಳು ಮಾರ್ಕೆಟ್ಟಿಗೆ ಸಾಲುಗಟ್ಟುತ್ತವೆ. ಕರೆಂಟಿನ ತಂತಿಗೆ, ಬೇವಿನ ಮರಕ್ಕೆ, ಆಟೋದ ಕನ್ನಡಿಗೆ, ಒಣಹಾಕಿದ ಸೀರೆಗೆ ಹತ್ತಿ ಅಂಟುತ್ತದೆ. ಮಧ್ಯಾಹ್ನದ ಬಿಸಿಲಲ್ಲಿ ಗಾಳಿಯಿಲ್ಲದೆಯೂ ಒಂದೊಂದು ಎಳೆ ತೇಲುತ್ತ ಹೋಗುವುದನ್ನು ನೋಡಿದರೆ ಯಾರೋ ನಡೆದುಹೋದ ಮೇಲೆ ಉಳಿದದ್ದೇನೋ ಅನ್ನಿಸುತ್ತದೆ. ಆ ದಿನಗಳಲ್ಲೇ ತಾತ ಮನೆಮನೆಯ ಗಾದಿ ಬಿಚ್ಚಿ, ಹತ್ತಿ ಹಿಂಜಿ, ಮತ್ತೆ ತುಂಬಿ ಹೊಲಿಯಲು ಬರುತ್ತಿದ್ದರು. ಓಣಿಯ ತುದಿಯಲ್ಲಿ ಕಮಾನಿನ ತಂತಿ ಮಿಡಿದ ಸದ್ದು, ಜುಂಯ್ ಎಂದು, ಹಲ್ಲಿನ ಬೇರಿಗೆ ತಾಗುತ್ತಿತ್ತು.

ನನ್ನ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಹಗಲೆಲ್ಲ ಸರ್ಕಾರಿ ಕಚೇರಿಯಲ್ಲಿ ತೆಲುಗಿನಲ್ಲಿ ಕಡತ ಬರೆಯುತ್ತೇನೆ. ನಸುಕಿನಲ್ಲಿ ಎದ್ದು ಕನ್ನಡದಲ್ಲಿ ದೆವ್ವ ಬರೆಯುತ್ತೇನೆ. ಆರು ಕಾದಂಬರಿ ಬಂದಿವೆ. ಊರಲ್ಲಿ ಅವನ್ನು ಓದಿದವರು ಮೂವರು. ಅದರಲ್ಲಿ ಒಬ್ಬರು ಪೂರ್ತಿ ಓದಿಲ್ಲ. ಐವತ್ತೆರಡು ವರ್ಷದ ಈ ದೆವ್ವದ ಲೇಖಕಿ ಮನೆಯ ಬೀಗವನ್ನು ಮೂರು ಸಲ ಎಳೆದು ನೋಡದೆ ಕಚೇರಿಗೆ ಹೊರಡುವುದಿಲ್ಲ, ಅರ್ಧ ದಾರಿಗೆ ಹೋಗಿ ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ವಾಪಸು ಬರುತ್ತಾಳೆ. ಏಳನೆಯ ಕಾದಂಬರಿ ಈ ಹುಣ್ಣಿಮೆಗೆ ಪ್ರಕಾಶಕರ ಕೈ ಸೇರಬೇಕಿತ್ತು. ಹತ್ತಿ ಮಿಲ್ಲಿನ ಕಥೆ, ಕೊನೆಯ ಅಧ್ಯಾಯವೊಂದು ಬಾಕಿ. ಫೋನ್ ಬಂದಾಗಲೆಲ್ಲ “ಮುಗೀತಾ ಬಂತು” ಅನ್ನುತ್ತೇನೆ. ಆದರೆ ಬರೆಯಲು ಕೂತರೆ ಮಿಲ್ಲು ಬರುವುದಿಲ್ಲ, ತಾತನೇ ಬರುತ್ತಾರೆ. ಮೊದಲು ಅವರದು ಮುಗಿಯಲಿ.

ತಾತನ ವಿಶೇಷವೆಂದರೆ ಗಾದಿ ಬಿಚ್ಚುವ ಮುನ್ನ ಅದರ ಮೇಲೆ ಎಡ ಅಂಗೈ ಊರಿ, ಕಣ್ಣು ಮುಚ್ಚಿ, ತಲೆಯಿಂದ ಕಾಲಿನವರೆಗೆ ಒಮ್ಮೆ ಸವರುತ್ತಿದ್ದರು. ಮಲಗುವವರು ಯಾರು, ಎಂಥವರು ಎಂದು ಹತ್ತಿಯ ತಗ್ಗು ಅವರಿಗೆ ಹೇಳುತ್ತಿತ್ತು. ಪಕ್ಕದ ಮನೆಯಾಕೆಗೆ ಒಮ್ಮೆ, “ನಿಮ್ಮನಿಯವ್ರು ಎಡಮಗ್ಗಲಕ್ಕ ಮಲಗೋದು ಬಿಟ್ಟಾರ, ಎದಿ ತೋರಿಸ್ರಿ” ಎಂದರು. ತೋರಿಸಿದ್ದಕ್ಕೆ ಆ ಮನುಷ್ಯ ಉಳಿದರು. ನನ್ನ ಪುಟ್ಟ ಗಾದಿಯನ್ನು ಸವರಿ ನಕ್ಕುಬಿಟ್ಟರು.

“ಏನ್ ಬೇಟಿ, ಗ್ವಾಡಿಗೆ ಬೆನ್ನು ಹಚ್ಚಿ, ಬಾಗಲಾ ನೋಡ್ಕಂತ ಮಲಗ್ತಿ? ಯಾರ್ ಬರ್ತಾರಂತ ಕಾಯ್ತಿ?”

ನಿಜವಿತ್ತು. ಈಗಲೂ ನಿಜ.

“ಹತ್ತಿ ಎಷ್ಟು ದಿವ್ಸ ನೆಪ್ಪಿಟ್ಟಕಂತೈತಿ ತಾತಾ?” ಎಂದು ಕೇಳಿದ್ದೆ.

“ಒಂದ್ ತಿಂಗಳು. ಯಾರೂ ಮಲಗಲಿಲ್ಲಂದ್ರ ತಿಂಗಳದಾಗ ಉಬ್ಬಿ ಮರ್ತಬಿಡ್ತೈತಿ. ಮನುಷ್ಯಾರಕಿಂತ ಚಲೋ.”

ನನ್ನ ಮೊದಲ ಕಥೆ ಅಚ್ಚಾದಾಗ ಜಂಬದಿಂದ ಅವರೆದುರು ಓದಿದೆ. ಅದರಲ್ಲಿ ದೆವ್ವವೊಂದು ಪುಟಪುಟಕ್ಕೂ ಅರಚುತ್ತಿತ್ತು. ತಾತ ಸೂಜಿಗೆ ದಾರ ಪೋಣಿಸುತ್ತ ಕೊನೆಯವರೆಗೆ ಕೇಳಿದರು.

“ಇಷ್ಟ್ಯಾಕ ಒದರ್ತೈತಿ ನಿನ್ ದೆವ್ವ? ಹಸದೈತೇನು?”

ನನ್ನ ಮುಖ ಸಣ್ಣದಾಯಿತು. ಅದನ್ನು ಕಂಡು ಸಮಾಧಾನದ ದನಿಯಲ್ಲಿ ಹೇಳಿದರು: “ಅದಕ್ಕ ಬಾಯಿ ಇರಂಗಿಲ್ಲ ಬೇಟಿ. ತೂಕ ಇರ್ತೈತಿ, ಅಷ್ಟ.”

ಆ ಒಂದು ಮಾತಿನ ಮೇಲೆ ಆರು ಕಾದಂಬರಿ ಬರೆದಿದ್ದೇನೆ. ಮುನ್ನುಡಿಯಲ್ಲಿ ಮಾತ್ರ ದೊಡ್ಡ ದೊಡ್ಡವರಿಗೆ ಕೃತಜ್ಞತೆ ಹೇಳಿದೆ.

ಹೋದ ವರ್ಷ ಸಂಕ್ರಾಂತಿಯ ಮರುದಿನ ಅಪ್ಪ ತೀರಿಕೊಂಡರು. ಶಾಲೆಯಲ್ಲಿ ಸಂಸ್ಕೃತ ಕಲಿಸುತ್ತಿದ್ದವರು, ಊರಿಗೆಲ್ಲ ಪಂತುಲು. ಸತ್ತವರ ಹಾಸಿಗೆಯನ್ನು ಮನೆಯಲ್ಲಿಟ್ಟುಕೊಳ್ಳುವ ಪದ್ಧತಿ ನಮ್ಮಲ್ಲಿಲ್ಲ. ಆದರೆ ಮಾಳಿಗೆಯ ಮೇಲಿನ ಅಪ್ಪನ ಕೋಣೆಗೆ ಅಮ್ಮ ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಕೇಳಿದರೆ, “ಆಮ್ಯಾಲ ನೋಡೋಣ” ಎನ್ನುತ್ತಿದ್ದಳು. ಆಮೇಲೆ ಎಂಬುದು ಬೇಸಿಗೆ ದಾಟಿತು, ಮಳೆಗಾಲ ದಾಟಿತು. ಅಮ್ಮ ಕರಗತೊಡಗಿದಳು. ಮಧ್ಯಾಹ್ನಕ್ಕೆಂದು ನಾನು ಮುಚ್ಚಿಟ್ಟು ಹೋದ ಅನ್ನ ಸಂಜೆ ಹಾಗೇ ಇರುತ್ತಿತ್ತು. ಕೈಗುಳಿದಿದ್ದ ಒಂಟಿ ಚಿನ್ನದ ಬಳೆ ಮೊಣಕೈವರೆಗೆ ಜಾರುತ್ತಿತ್ತು. ಡಾಕ್ಟರು ರಕ್ತ ನೋಡಿ, ಫೋಟೋ ತೆಗೆಸಿ, ಏನೂ ಇಲ್ಲ ಅಂದರು. ಏನೂ ಇಲ್ಲದ್ದಕ್ಕೆ ನಾನು ಹೆದರಿದಷ್ಟು ಇನ್ನಾವುದಕ್ಕೂ ಹೆದರಿಲ್ಲ.

ದಸರೆ ಕಳೆದ ಮೇಲೆ ಒಂದು ದಿನ, ಎಂದಿನಂತೆ ಗ್ಯಾಸಿನ ಅನುಮಾನ ಬಂದು ಮಧ್ಯಾಹ್ನ ಒಂದಕ್ಕೆ ಮನೆಗೆ ಬಂದೆ. ಗ್ಯಾಸ್ ಆರಿಸಿಯೇ ಇತ್ತು. ಅಮ್ಮ ಕೆಳಗಿರಲಿಲ್ಲ. ಮೆಟ್ಟಿಲು ಹತ್ತಿದೆ. ಕೋಣೆಯ ಬೀಗ ತೆಗೆದಿತ್ತು, ಬಾಗಿಲು ಒಳಗಿನಿಂದ ಹಾಕಿತ್ತು. ಬಿಸಿಲಿಗೆ ಬಾಗಿಲ ಹಲಗೆ ಸುಡುತ್ತಿತ್ತು. ಒಳಗಿನಿಂದ ಅಮ್ಮನ ದನಿ, ಮಾಮೂಲಿ ದನಿ, ರೈಲಿನಲ್ಲಿ ಪಕ್ಕದವರಿಗೆ ಹೇಳುವಂಥದ್ದು:

“ಇನ್ನೊಂಚೂರು ಸರೀರಿ.”

ಆಮೇಲೆ ಮಂಚ ಕಿರುಗುಟ್ಟಿತು.

ಆರು ಕಾದಂಬರಿ ಬರೆದವಳು ಬಾಗಿಲು ತಟ್ಟಲಿಲ್ಲ. ಚಪ್ಪಲಿ ಕೈಯಲ್ಲಿ ಹಿಡಿದು ಕೆಳಗಿಳಿದು ಸೀದಾ ತಾತನ ಮನೆಗೆ ಹೋದೆ. ಅವರು ಕಮಾನು ಬಿಟ್ಟು ಎರಡು ವರ್ಷವಾಗಿತ್ತು. ಸ್ಟೇಷನ್ ರಸ್ತೆಯಲ್ಲಿ ಮಗ ಕರೆಂಟಿನ ಹಿಂಜುವ ಮಷೀನು ಹಾಕಿದ್ದ. ಕೇಳಿದ್ದನ್ನು ಹೇಳಲು ಧೈರ್ಯವಾಗಲಿಲ್ಲ. ಗುರುವಾರ ಮಧ್ಯಾಹ್ನ ಅಮ್ಮ ಮಠಕ್ಕೆ ಪುರಾಣ ಕೇಳಲು ಹೋಗುತ್ತಾಳೆ, ಅಷ್ಟರಲ್ಲಿ ಅಪ್ಪನ ಗಾದಿ ಬಿಚ್ಚಿ ಹಿಂಜಿಬಿಡಬೇಕು, ಅದು ಖಾಲಿ ಬಿದ್ದಿದೆ ಎಂದಷ್ಟೇ ಹೇಳಿದೆ.

ಗುರುವಾರ ತಾತ ಕಮಾನು ಹೊತ್ತು ಬಂದರು. ನಲವತ್ತು ವರ್ಷಕ್ಕೂ ಮೇಲೆ ಅಂಗಳ ದಾಟದವರು ಅಂದು ಮಾಳಿಗೆಯ ಮೆಟ್ಟಿಲು ಹತ್ತಿದರು, ಪ್ರತಿ ಮೆಟ್ಟಿಲಿಗೂ ನಿಂತು. ಅಮ್ಮ ಸ್ನಾನಕ್ಕೆ ಹೋದಾಗ ನಾನು ಕದ್ದಿಟ್ಟುಕೊಂಡಿದ್ದ ಕೀಲಿಯಿಂದ ಬಾಗಿಲು ತೆಗೆದೆ. ತಾತ ಮಂಚದ ಪಕ್ಕ ಕುಕ್ಕರಗಾಲಲ್ಲಿ ಕೂತು ಅಂಗೈ ಊರಿದರು. ಸವರುತ್ತ ಹೋದ ಕೈ ನಡುವೆ ನಿಂತಿತು. ಮತ್ತೆ ಸವರಿದರು.

“ಖಾಲಿ ಐತಿ ಅಂದಿ.”

“ಹೌದು ತಾತಾ.”

“ಇಲ್ಲಿ ನಡುವ ಸಣ್ಣ ತಗ್ಗೈತಿ. ನಿಮ್ಮವ್ವಂದು.” ಕೈ ಗೋಡೆಯ ಕಡೆ ಸರಿಯಿತು. “ಇದು ಉದ್ದಂದು. ಹೆಗಲಾ ಇಲ್ಲೈತಿ, ಸೊಂಟ ಇಲ್ಲೈತಿ. ಪಂತುಲು ಹೋಗಿ ಎಷ್ಟ್ ತಿಂಗಳಾತು?”

“ಒಂಬತ್ತು.”

ತಾತ ನನ್ನ ಕೈಹಿಡಿದು ಅಲ್ಲಿಟ್ಟರು. ಅಂಚಿಗೆ ಅಂಟಿಕೊಂಡಂತೆ ಆಳುದ್ದದ ತಗ್ಗು, ಆಗತಾನೆ ಎದ್ದುಹೋದಷ್ಟು ನುಣುಪಾಗಿ. ಹತ್ತಿಯ ಕೆಳಗೆ ಬಿಸಿಲಿನದಲ್ಲದ ಬಿಸುಪು. ನಾನು ಕೈ ಕಿತ್ತುಕೊಂಡೆ.

“ಹಿಂಜಿಬಿಡ್ರಿ ತಾತಾ, ಜಲ್ದಿ. ಅಮ್ಮ ಬರೋದ್ರಾಗ.”

“ಮನಿಯಾಕೀನ ಕೇಳದ ಬಿಚ್ಚಂಗಿಲ್ಲ.”

“ಆಕಿ ಬ್ಯಾಡಂತಾಳ. ಉಪಾಸ ಬಿದ್ದು ಸಾಯಾಕತ್ಯಾಳ ತಾತಾ!”

“ಅದಕ್ಕ ಕೇಳಬೇಕು.”

ಮೋಡದ ನೆರಳು ದಾಟುವುದನ್ನು ನೋಡುತ್ತ ಇಬ್ಬರೂ ಮಾಳಿಗೆಯ ಮೇಲೆ ಕೂತೆವು. ಅಮ್ಮ ಬಂದಳು. ಬಾಗಿಲು ತೆರೆದದ್ದನ್ನೂ ಕಮಾನನ್ನೂ ನೋಡಿ ಅವಳ ಮುಖ ಬೆಳ್ಳಗಾಯಿತು. ನನ್ನ ಕಡೆ ತಿರುಗಿದಳು.

“ಕಳ್ಳತನಾನೂ ಕಲ್ತಿಯೇನ? ದೆವ್ವದ ಕಥಿ ಬರದದ್ದು ಸಾಲಲಿಲ್ಲಾ?” ಆಮೇಲೆ ತಾತನಿಗೆ: “ಸಾಹೇಬರ, ಅದನ್ನ ಮುಟ್ಟಬ್ಯಾಡ್ರಿ. ನನಗ ಉಳಿದದ್ದು ಅಷ್ಟೇ ಅದ.”

“ಮುಟ್ಟಂಗಿಲ್ಲ ತಾಯಿ. ಒಂದ್ ಮಾತು ಹೇಳಿ ಹೋಗ್ತೀನಿ.” ತಾತ ಕೂತಲ್ಲಿಂದ ಏಳಲಿಲ್ಲ. “ಪಂತುಲುಗೆ ಜಾಗ ಸಾಲವಲ್ದು.”

ಅಮ್ಮ ಮಂಚದ ಕಡೆ ತಿರುಗಿದಳು.

“ನೀ ಬಂದಂಗೆಲ್ಲ ಸರದು ಸರದು ಗ್ವಾಡಿಗೆ ಹತ್ಯಾರ. ಇನ್ನ ಸರ್ಯಾಕ ಜಾಗಿಲ್ಲ. ಬ್ಯಾಡ ಅನ್ನೋ ಮನುಷ್ಯಾ ಅಲ್ಲ ಅವ್ರು, ನಿನಗ ಗೊತ್ತೈತಿ. ಮೈ ಹಿಡ್ಕಂಡು ಮಲಗ್ಯಾರ ತಾಯಿ. ಕೈ ಕಾಲು ಚಾಚಿಲ್ಲ.”

ಅಪ್ಪ ಬದುಕಿದ್ದಾಗ ಅವರ ಊಟದ ತಾಟು ಒಂದು ನಿಮಿಷ ತಡವಾದರೂ ಅಮ್ಮ ಚಡಪಡಿಸುತ್ತಿದ್ದಳು. ಪಂಚೆಗೆ ಗಂಜಿ ಹೆಚ್ಚಾದರೆ ಚುಚ್ಚೀತೆಂದು ತಾನೇ ಉಜ್ಜಿ ಮೆತ್ತಗೆ ಮಾಡುತ್ತಿದ್ದಳು. ಅಂಥವಳು ಮಂಚದ ಹತ್ತಿರ ಹೋಗಿ, ಬಗ್ಗಿ, ಗೋಡೆಯ ಅಂಚಿನಲ್ಲಿ ಕೈಯಾಡಿಸಿದಳು. ಬಹಳ ಹೊತ್ತು ಆಡಿಸಿದಳು.

“ಹೇಳಬಾರದ ನನಗ,” ಎಂದಳು. ನಮಗೆ ಹೇಳಿದ್ದಲ್ಲ.

ತಾತನ ಬುಟ್ಟಿಯಿಂದ ಕತ್ತರಿ ತೆಗೆದುಕೊಂಡು ಗಾದಿಯ ಹೊಲಿಗೆಯನ್ನು ತಾನೇ ಒಂದೊಂದಾಗಿ ಬಿಚ್ಚಿದಳು.

ಆ ಮಧ್ಯಾಹ್ನ ತಾತ ಹಿಂಜಿದರು. ಎಂಬತ್ತು ದಾಟಿದ ಕೈ ನಡುಗುತ್ತಿತ್ತು, ತಂತಿಯ ದನಿ ನಡುಗಲಿಲ್ಲ. ಹತ್ತಿ ಎದ್ದು ಮಾಳಿಗೆಯ ತುಂಬ ಹಾರಾಡಿತು. ಅಮ್ಮನ ತಲೆಯ ಮೇಲೆ, ನನ್ನ ತುಟಿಯ ಮೇಲೆ ಕೂತಿತು. ಮುಗಿದ ಮೇಲೆ ಎಲ್ಲವನ್ನೂ ಒಂದು ದುಪ್ಪಟಿಯಲ್ಲಿ ಕಟ್ಟಿಕೊಂಡರು.

“ಎಲ್ಲಿಗೆ ಒಯ್ತೀರಿ?” ಅಮ್ಮ ಕೇಳಿದಳು.

“ನಾ ನೋಡ್ಕಂತೀನಿ ತಾಯಿ. ನೀ ಉಣ್ಣು.”

ಅಮ್ಮ ಉಂಡಳು. ಅಂದು ನಾಲ್ಕು ತುತ್ತು, ಕಾರ್ತೀಕ ಮುಗಿಯುವ ಹೊತ್ತಿಗೆ ಎರಡು ಹೊತ್ತು. ತಾತ ಆಡಿದ್ದು ಕರುಣೆಯ ಸುಳ್ಳಿರಬಹುದೇ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಆದರೆ ನನ್ನ ಕೈಯೂ ಅಲ್ಲಿ ಊರಿತ್ತಲ್ಲ.

ಈ ದಸರೆಯ ಹಿಂದುಮುಂದು ತಾತ ಹೋದರು. ಎಂಟು ದಿನ ಬಿಟ್ಟು ಅವರ ಮನೆಗೆ ಹೋದೆ. ಮಗ ಚಹಾ ತರಿಸಿ, ಅದು ಇದು ಮಾತಾಡಿ, ಕೊನೆಗೆ ಒಳಗಿನ ಕೋಣೆ ತೋರಿಸಿದ. ನೆಲದ ಮೇಲೆ ಒಂದು ಅಗಲವಾದ ಗಾದಿ.

“ಅಕ್ಕಾ, ನಮ್ ಅಬ್ಬಾ ಜಿಂದಗಿನಾಗ ಗಾದಿ ಮ್ಯಾಲ ಮಲಗಿದೋನಲ್ಲ. ಚಾಪೀನ. ಹೋದ ವರ್ಷ ನಿಮ್ಮನಿಯಿಂದ ಹತ್ತಿ ತಂದ ದಿವ್ಸ ಇದನ್ನ ಹೊಲ್ದ. ಸಾಯೋತನಕ ಇದರ ಮ್ಯಾಲ ಮಲಗಿದ. ಅದೂ ಎಲ್ಲಿ? ಈ ತುದಿಗೆ. ನಡುವ ಮಲಗು ಅಬ್ಬಾ, ಬೀಳ್ತಿ ಅಂದ್ರ, ನನಗ ಇಷ್ಟ ಸಾಕು ಅಂತಿದ್ದ.”

“ಯಾಕಂತ ಕೇಳಲಿಲ್ಲೇನು?”

“ಕೇಳಿದೆ. ‘ಪಂತುಲು ಮನಿ ಬಿಟ್ಟು ಬಂದಾರ, ಪಾಪ ಎಲ್ಲಿ ಹೋಗ್ಬೇಕು, ದಾರಿ ಸಿಗೋತನಕ ಕಾಲು ಚಾಚಿ ಮಲಗ್ಲಿ’ ಅಂದ.” ಮಗ ನೆಲ ನೋಡಿದ. “ವಯಸ್ಸಾಗಿತ್ತಕ್ಕಾ. ಏನೇನೋ ಮಾತಾಡ್ತಿದ್ದ.”

ನನ್ನ ಅಪ್ಪನನ್ನು ಮನೆಯಿಂದ ಹೊರಗೆ ಹಾಕಲು ಕೀಲಿ ಕದ್ದವಳು ನಾನು. ಅವರಿಗೆ ಎಲ್ಲಿ ಜಾಗ ಎಂದು ನಾನು ಯೋಚಿಸಿಯೇ ಇರಲಿಲ್ಲ. ಮಂಡಿಯೂರಿ ಕೂತು ಎಡ ಅಂಗೈ ಊರಿದೆ. ಭಯವಿತ್ತು, ಕೈ ತೆಗೆಯಲಿಲ್ಲ. ಅಂಚಿನಲ್ಲಿ ಒಂದು ಸಣ್ಣ ತಗ್ಗು, ಒಂದೇ ಮಗ್ಗುಲಿನದು, ಎಲುಬಿನ ಗುರುತು ಸಿಗುವಷ್ಟು ಬಡಕಲು. ಅಲ್ಲಿಂದ ಆಚೆ, ಗೋಡೆಯವರೆಗೆ, ಎರಡು ಸಲ ಸವರಿದರೂ ಹತ್ತಿ ಸಮನಾಗಿ ಉಬ್ಬಿತ್ತು.

ಮನೆಗೆ ಬಂದು ಅಮ್ಮನಿಗೆ ಹೇಳಬಾರದು ಎಂದುಕೊಂಡು ಎಲ್ಲವನ್ನೂ ಹೇಳಿದೆ. ಅಮ್ಮ ಕೊತ್ತಂಬರಿ ಸೋಸುತ್ತಿದ್ದಳು.

“ಅವರು ಇದ್ರೇನು ಅಲ್ಲಿ?”

“ಇಲ್ಲಮ್ಮಾ. ಆ ಕಡೆ ಏನೂ ಇರಲಿಲ್ಲ.”

ಅವಳು ಕೈಯಲ್ಲಿದ್ದ ಎಸಳನ್ನು ಸೋಸಿ ತಟ್ಟೆಗೆ ಹಾಕಿದಳು.

“ಹಂಗಾದ್ರ ಊರು ಮುಟ್ಟಿರ್ತಾರ,” ಎಂದಳು, ಬಸ್ಸು ಹತ್ತಿಸಿ ಕಳಿಸಿದವರ ಬಗ್ಗೆ ಹೇಳುವಂತೆ. ಆಮೇಲೆ ಕಸವನ್ನು ಸೆರಗಿನಿಂದ ಕೊಡವಿಕೊಂಡು ಎದ್ದಳು. “ಮೊದಲ ಹೋಗ್ಯಾರಲ್ಲ, ಸಾಹೇಬರಿಗೂ ಟವಲು ಹಾಕಿ ಜಾಗಾ ಹಿಡಿದಿರ್ತಾರ ಬಿಡು. ಏಳು, ಹಸಿವ್ಯಾಗೇದ ನನಗ.”