ಎಲ್ಲ ಕಡೆ ಒಂದೇ ಮುಖ

ನಗುವಾಗ ಅವರ ಎಡಗಣ್ಣು ಅರ್ಧ ಮುಚ್ಚಿಕೊಳ್ಳುತ್ತಿತ್ತು, ತುಟಿಯ ಬಲತುದಿ ಮೇಲಕ್ಕೆ ಹೋಗಿ ಅಲ್ಲೇ ನಿಲ್ಲುತ್ತಿತ್ತು. ಹುಟ್ಟಿನಿಂದ ಬಂದ ನಗು ಎಂದುಕೊಂಡಿದ್ದೆ. ಒಂದು ಬೆಳಿಗ್ಗೆ ಮಸ್ಕತ್‌ನ ಅಲ್ ಖುವೈರ್ ಬಡಾವಣೆಯ ನಮ್ಮ ಕಟ್ಟಡದ ಲಿಫ್ಟಿನ ಬಾಗಿಲು ತೆರೆದರೆ, ಒಳಗೆ ಅವರೊಬ್ಬರೇ ಕನ್ನಡಿಯ ಮುಂದೆ ನಿಂತು ಟೈ ಸರಿಪಡಿಸಿಕೊಳ್ಳುವ ಹಾಗೆ ಆ ನಗುವನ್ನು ಸರಿಪಡಿಸಿಕೊಳ್ಳುತ್ತಿದ್ದರು. ನನ್ನನ್ನು ಕಂಡು ನಾಚಲೂ ಇಲ್ಲ. "ಪ್ರಾಕ್ಟೀಸ್ ಸಾರ್. ಎಲ್ಲ ಕಡೆ ಒಂದೇ ಮುಖ ಇರ್ಬೇಕು" ಎಂದರು. ಅಂದಿನಿಂದಲೇ ನನಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ.

ನಮಗಿಂತ ಎರಡು ಮಹಡಿ ಮೇಲಿದ್ದ ನೆರೆಯವರು, ಬೆಂಗಳೂರಿನವರು. ಒಂದು ಕಂಪೆನಿಯ ತರಬೇತಿ ವಿಭಾಗದಲ್ಲಿದ್ದರು. ತೈಲದ ಬೆಲೆ ಕುಸಿದು ಕಂಪೆನಿಗಳು ಜನರನ್ನು ಮನೆಗೆ ಕಳಿಸತೊಡಗಿದಾಗ ಅಲ್ಲಿ ತರಬೇತಿ ಪಡೆಯುವವರೇ ಉಳಿಯಲಿಲ್ಲ, ಕೊಡುವ ಇವರು ಮಾತ್ರ ಹೇಗೋ ಉಳಿದರು. ಸಂಬಳ ಇತ್ತು, ಮಾಡಲು ಕೆಲಸ ಇರಲಿಲ್ಲ. ತಮಗೆ ತಾವೇ ‘ಕೋಚ್’ ಎಂದು ಹೆಸರಿಟ್ಟುಕೊಂಡು, ಕೆಲಸ ಕಳೆದುಕೊಂಡ ಕನ್ನಡಿಗರನ್ನು ಶುಕ್ರವಾರ ಬೆಳಿಗ್ಗೆ ತಮ್ಮ ಹಾಲಿನಲ್ಲಿ ಕೂರಿಸಿ ‘ಪರ್ಸನಲ್ ಬ್ರ್ಯಾಂಡ್’ ಕಟ್ಟುವುದನ್ನು ಹೇಳಿಕೊಡತೊಡಗಿದರು. ಬಿಟ್ಟಿ ಪಾಠ, ಮೇಲೆ ಉಪ್ಪಿಟ್ಟು. ದುಡ್ಡು ತೆಗೆದುಕೊಂಡಿದ್ದರೆ ಬೈಯುವುದಕ್ಕಾದರೂ ಸುಲಭವಾಗುತ್ತಿತ್ತು.

ನಾನು ತೈಲಬಾವಿಗಳ ಗುತ್ತಿಗೆದಾರರೊಬ್ಬರಲ್ಲಿ ಪ್ಲಾನಿಂಗ್ ಇಂಜಿನಿಯರ್ ಆಗಿದ್ದೆ. ನನ್ನ ಸರದಿಯೂ ಬಂತು. ನೋಟಿಸ್ ಅವಧಿ ಮುಗಿಯುವುದರೊಳಗೆ ಬೇರೆ ಕೆಲಸ ಸಿಗದಿದ್ದರೆ ವೀಸಾ ರದ್ದಾಗಿ ಮೂವರೂ ಮೈಸೂರಿಗೆ ಹೊರಡಬೇಕು. ಹೋದರೆ ಹೋಯಿತು ಎನ್ನುವ ಹಾಗಿರಲಿಲ್ಲ. ಮಗಳು ಮಸ್ಕತ್‌ನ ಇಂಡಿಯನ್ ಸ್ಕೂಲಿನಲ್ಲಿ ಹತ್ತನೇ ಕ್ಲಾಸು, ಮಾರ್ಚಿನಲ್ಲಿ ಬೋರ್ಡ್ ಪರೀಕ್ಷೆ. ನಡುವರ್ಷದಲ್ಲಿ ಹತ್ತನೇ ಕ್ಲಾಸಿಗೆ ಸೇರಿಸಿಕೊಳ್ಳುವ ಶಾಲೆ ಊರಿನಲ್ಲಿ ಎಷ್ಟು ವಿಚಾರಿಸಿದರೂ ಸಿಗಲಿಲ್ಲ. ಓದುವ ಹುಡುಗಿಗೆ ಒಂದು ವರ್ಷ ಮಣ್ಣುಪಾಲಾಗುತ್ತಿತ್ತು. ನನಗೆ ಬೇಕಿದ್ದದ್ದು ಮಾರ್ಚ್ ದಾಟಿಸುವ ಒಂದು ಕೆಲಸ, ಎಂಥದಾದರೂ ಸರಿ.

ಅದಕ್ಕೇ ಒಂದು ಶುಕ್ರವಾರ ಅವರ ಮನೆಗೆ ಹೋದೆ. ಹೋದ ತಕ್ಷಣ, "ಸಾರ್, ನಿಮ್ಮನ್ನ ಹುಡುಕಿದೆ, ಸಿಗ್ಲೇ ಇಲ್ಲ" ಎಂದರು.

"ಮನೆಯಲ್ಲೇ ಇದ್ನಲ್ಲ."

"ಮನೇಲಲ್ಲ ಸಾರ್, ನೆಟ್ಟಲ್ಲಿ! ಫೇಸ್‌ಬುಕ್ಕಲ್ಲಿ ಒಂದು ಸ್ಪೆಲ್ಲಿಂಗು, ಜಾಬ್ ಸೈಟಲ್ಲಿ ಇನ್ನೊಂದು ಸ್ಪೆಲ್ಲಿಂಗು, ವಾಟ್ಸಾಪಲ್ಲಿ ನೋಡಿದ್ರೆ ಗಣಪತಿ. ಯಾರು ಕೆಲ್ಸ ಕೊಡ್ತಾರೆ ನಿಮ್ಗೆ?"

ಗಣಪತಿಯನ್ನು ತೆಗೆಸಿದರು. ಮೆರೂನ್ ಪರದೆಯ ಮುಂದೆ ನಿಲ್ಲಿಸಿ, ತಮ್ಮ ನೀಲಿ ಬ್ಲೇಜರ್ ತೊಡಿಸಿ ಫೋಟೋ ತೆಗೆದರು. ಬಂದವರಿಗೆಲ್ಲ ಅದೇ ಬ್ಲೇಜರ್, ಅದೇ ಪರದೆ. ಸಣಕಲರಿಗೆ ಬೆನ್ನ ಹಿಂದೆ ಬಟ್ಟೆ ಒಣಹಾಕುವ ಕ್ಲಿಪ್ಪು ಸಿಕ್ಕಿಸುತ್ತಿದ್ದರು. ಪ್ಲಾನಿಂಗ್ ಇಂಜಿನಿಯರ್ ಎಂದು ಹಾಕಬಾರದಂತೆ, ಅದರಲ್ಲಿ ‘ಫೀಲ್’ ಇಲ್ಲವಂತೆ. ನನ್ನ ಹೆಸರಿನ ಕೆಳಗೆ ಎಲ್ಲ ಕಡೆಯೂ ‘ಕನಸುಗಳಿಗೆ ಶೆಡ್ಯೂಲ್ ಹಾಕುವವನು’ ಎಂದು ಬರೆಸಿದರು. ಅದನ್ನು ನೋಡಿ ನಮ್ಮ ಅತ್ತೆ ಮೈಸೂರಿನಿಂದ ನನ್ನ ಹೆಂಡತಿಗೆ ಫೋನ್ ಮಾಡಿ, "ಏನೇ, ನಿನ್ನ ಗಂಡ ಜ್ಯೋತಿಷ್ಯ ಶುರು ಮಾಡಿದ್ರಾ?" ಎಂದು ಕೇಳಿದರು. ಕೆಲಸ ಮಾತ್ರ ಬರಲಿಲ್ಲ.

ಇನ್ನೊಂದು ಶುಕ್ರವಾರ, ಕೆಲಸ ಯಾಕೆ ಬೇಕೆಂದು ಒಬ್ಬೊಬ್ಬರೂ ಮನಸ್ಸು ಬಿಚ್ಚಿ ಹೇಳಬೇಕು ಎಂದರು. ಅವರ ಫೋನು ಹೂದಾನಿಗೆ ಒರಗಿಕೊಂಡು ನಿಂತಿತ್ತು, ನಾನು ಅದರ ಕಡೆ ಗಮನ ಕೊಡಲಿಲ್ಲ. ಮಗಳ ಹೆಸರು ಹಿಡಿದು ಅವಳ ಪರೀಕ್ಷೆಯ ವಿಷಯ ಹೇಳತೊಡಗಿದೆ. ಹೆಂಡತಿಯ ಎದುರಿಗೂ ಅಳದವನು ಅಲ್ಲಿ ಬಿಕ್ಕಿಬಿಕ್ಕಿ ಅತ್ತುಬಿಟ್ಟೆ. ಅವರು ಬೆನ್ನು ತಟ್ಟಿದರು. "ಬ್ಯೂಟಿಫುಲ್ ಸಾರ್, ಬ್ಯೂಟಿಫುಲ್" ಎಂದರು. ಅಳುವವನಿಗೆ ಬ್ಯೂಟಿಫುಲ್ ಎನ್ನುವ ಮನುಷ್ಯನನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಮರುದಿನ ನನ್ನ ಅಳು ಅವರ ಫೇಸ್‌ಬುಕ್ ಪುಟದಲ್ಲಿತ್ತು. ಸುತ್ತ ಮೆರೂನ್ ಅಂಚು, ಮೂಲೆಯಲ್ಲಿ ಆ ಅರ್ಧಗಣ್ಣಿನ ನಗು. ಅಲ್ಲಿ ವಾರದ ಮೊದಲ ಶಾಲಾದಿನವಾದ ಭಾನುವಾರ ಮಗಳು ಶಾಲೆಯಿಂದ ಬಂದು ಬ್ಯಾಗನ್ನು ನೆಲಕ್ಕೆ ಬಿಸಾಡಿದಳು. "ಎವ್ರಿವನ್ ಸಾ ಇಟ್, ಅಪ್ಪಾ. ನನ್ ಹೆಸ್ರೂ ಹೇಳಿದ್ದೀಯ" ಎಂದು ಕೋಣೆಯ ಬಾಗಿಲು ಹಾಕಿಕೊಂಡಳು. ಸೋಮವಾರ ಶಾಲೆಗೆ ಹೋಗುವುದಿಲ್ಲವೆಂದಳು. ಯಾವ ಶಾಲೆ ತಪ್ಪಬಾರದೆಂದು ನಾನು ಅತ್ತಿದ್ದೆನೋ, ಆ ಅಳುವೇ ಅದನ್ನು ತಪ್ಪಿಸಿತ್ತು.

ಎರಡು ಮಹಡಿ ಹತ್ತಿ ಹೋದೆ. "ತೆಗೀರಿ ಅದನ್ನ" ಎಂದೆ.

"ಸಾರ್, ಎಷ್ಟು ಜನ ನೋಡ್ತಿದ್ದಾರೆ ಗೊತ್ತಾ? ಈಗ ತೆಗೆದ್ರೆ ಕನ್ಸಿಸ್ಟೆನ್ಸಿ ಹೋಗ್ಬಿಡುತ್ತೆ."

ಕೊರಳಪಟ್ಟಿ ಹಿಡಿದೆ. ಜೀವನದಲ್ಲಿ ಒಬ್ಬರ ಕೊರಳಪಟ್ಟಿಗೆ ಕೈ ಹಾಕಿದ್ದು ಅದೊಂದೇ ಸಲ, ಆ ಬಗ್ಗೆ ನನಗೆ ಇವತ್ತಿಗೂ ಬೇಸರವಿಲ್ಲ. ಆಗಲೂ ಅವರ ಮುಖದ ನಗು ಮಾಸಲಿಲ್ಲ. ನನ್ನ ಹೆಂಡತಿ ಓಡಿಬಂದು ಬಿಡಿಸಿ ಕರೆದುಕೊಂಡು ಹೋದಳು.

ಆ ವಾರವೇ ಒಮಾನಿನ ದಕ್ಷಿಣ ತುದಿಯ ಸಲಾಲಾದಿಂದ ಒಂದು ಫೋನ್ ಬಂತು. ಬಂಟ್ವಾಳದ ಕಡೆಯ ಬ್ಯಾರಿ ವ್ಯಾಪಾರಿಯೊಬ್ಬರು, ಅಲ್ಲಿನ ಬಂದರಿನಲ್ಲಿ ಕಟ್ಟಡದ ಗುತ್ತಿಗೆ ಹಿಡಿದಿದ್ದವರು. "ನೀವು ಹೀಗೆ ಕೂಗಿದ್ರೆ ಆಗ್ತದಾ ಮಾರಾಯ್ರೆ, ಅದೂ ಎಲ್ಲರ ಎದುರು?" ಎಂದರು. ಅವರ ಕಡೆ ಅಳುವುದಕ್ಕೆ ಕೂಗುವುದು ಎನ್ನುತ್ತಾರೆ. "ನಂಗೆ ಇಲ್ಲಿ ಶೆಡ್ಯೂಲ್ ನೋಡ್ಲಿಕ್ಕೆ ಜನ ಬೇಕು. ಸಂಬಳ ಕಮ್ಮಿ, ಈಗ್ಲೇ ಹೇಳ್ತೇನೆ. ನಮ್ಮ ಸ್ಪಾನ್ಸರ್ ಇದ್ದಾರಲ್ಲ, ಕಫೀಲ್, ಅವರ ಹತ್ರ ನಾನು ಮಾತಾಡ್ತೇನೆ, ವೀಸಾ ನಮ್ದಾಗ್ತದೆ. ಹೆಂಡತಿ, ಮಗಳು ಮಸ್ಕತ್‌ನಲ್ಲೇ ಇರ್ಲಿ, ಪರೀಕ್ಷೆ ಮುಗೀಲಿ. ನೀವೊಬ್ರು ಬನ್ನಿ, ಖಲಾಸ್."

ಕೆಲಸ ಸಿಕ್ಕಿತು. ಮಾರ್ಚ್ ದಾಟುತ್ತದೆ ಎಂದು ಗೊತ್ತಾಯಿತು. ಕೋಣೆಯ ಬಾಗಿಲು ತಟ್ಟಿ ಮಗಳಿಗೆ ಹೇಳಿದೆ.

"ಆ ವಿಡಿಯೋ ನೋಡಿ ಕೊಟ್ರಾ?" ಎಂದು ಒಳಗಿನಿಂದಲೇ ಕೇಳಿದಳು.

"ಹೌದು ಪುಟ್ಟಿ."

"ಐ ಸ್ಟಿಲ್ ಹೇಟ್ ಹಿಮ್."

"ನಾನೂ" ಎಂದೆ. ಆಗ ಬಾಗಿಲು ತೆರೆದಳು. ಮರುದಿನ ಶಾಲೆಗೆ ಹೋದಳು, ಮಾರ್ಚಿನಲ್ಲಿ ಚೆನ್ನಾಗಿಯೇ ಬರೆದಳು. ನನಗೆ ನುಂಗಲಾಗದ್ದು ಇದೇ. ಅವರು ಮಾಡಿದ್ದು ಕೆಟ್ಟದ್ದಾಗಿತ್ತು, ನಮಗೆ ಅದರಿಂದ ಒಳ್ಳೆಯದಾಯಿತು. ಕೆಟ್ಟದ್ದೇ ಆಗಿದ್ದರೆ ನೆಮ್ಮದಿಯಾಗಿ ದ್ವೇಷಿಸುತ್ತಿದ್ದೆ. ಈಗ ದ್ವೇಷಿಸುವಾಗಲೆಲ್ಲ ಮಗಳ ಮಾರ್ಕ್ಸ್ ಕಾರ್ಡು ಅಡ್ಡ ಬರುತ್ತದೆ.

ಮುಂದೆ ಅವರ ಕೆಲಸವೂ ಹೋಯಿತು. ಖುಷಿಯಾಯಿತೇ ಎಂದರೆ, ಆಯಿತು. ಸುಳ್ಳೇಕೆ ಹೇಳಲಿ? ಅಲ್ ಖುವೈರ್‌ನ ಹೋಟೆಲೊಂದರಲ್ಲಿ ಶುಕ್ರವಾರದವರೆಲ್ಲ ಸೇರಿ ಬೀಳ್ಕೊಡುಗೆ ಇಟ್ಟುಕೊಂಡರು. ಸಲಾಲಾದಿಂದ ರಜೆಗೆ ಬಂದಿದ್ದ ನನ್ನನ್ನೂ ಕರೆದರು. ಹೋಗಲೇಬೇಕೆಂದು ಹೆಂಡತಿ ಹಟ ಹಿಡಿದಳು, ಮಗಳೂ ಬಂದಳು. ಒಬ್ಬೊಬ್ಬರೂ ಅವರ ಬಗ್ಗೆ ಎರಡು ಮಾತು ಹೇಳಬೇಕು, ಅವರೇ ಫೋನ್ ಹಿಡಿದು ವಿಡಿಯೋ ಮಾಡಿಕೊಳ್ಳುತ್ತಿದ್ದರು. ಊರಿಗೆ ಹೊರಟ ದಿನವೂ ಅದೇ ನಗು, ಅದೇ ನೀಲಿ ಬ್ಲೇಜರ್.

ನನ್ನ ಸರದಿ ಬಂತು. "ಇವರಿಂದಲೇ ನನಗೆ ಕೆಲಸ ಸಿಕ್ತು. ನನ್ನ ಮಗಳು ಹತ್ತನೇ ಕ್ಲಾಸ್ ಇಲ್ಲೇ ಮುಗಿಸಿದ್ಲು" ಎಂದೆ. ಅವರು ಸಾಕು ಎಂಬಂತೆ ಹೆಬ್ಬೆರಳು ಎತ್ತಿದರು. ನಾನು ನಿಲ್ಲಿಸಲಿಲ್ಲ. "ಆ ಮಗಳನ್ನ ಸ್ಕೂಲಲ್ಲಿ ತಲೆಯೆತ್ತದ ಹಾಗೆ ಮಾಡಿದವರೂ ಇವರೇ. ಅದಕ್ಕೆ ನಾನು ಇವರನ್ನ ಕ್ಷಮಿಸಿಲ್ಲ, ಕ್ಷಮಿಸೋದೂ ಇಲ್ಲ" ಎಂದೆ. ಅವರು ಫೋನ್ ಇಳಿಸಿ, "ಎರಡೂ ನಿಜ ಸಾರ್. ಆದ್ರೆ ಮೊದಲ್ನೇದು ಮಾತ್ರ ಹಾಕ್ತೀನಿ" ಎಂದರು. ಹಾಗೆಯೇ ಮಾಡಿದರು.

ಬೆಂಗಳೂರಿಗೆ ಹೋದ ಕೆಲವೇ ವರ್ಷಗಳಲ್ಲಿ ಹೃದಯಾಘಾತವಾಗಿ ಅವರು ತೀರಿಕೊಂಡರು. ಸುದ್ದಿ ಬಂದ ದಿನ ಹಳೆಯ ಗುಂಪಿನಲ್ಲಿ ಯಾರೋ ಶ್ರದ್ಧಾಂಜಲಿಯೆಂದು ಆ ಬೀಳ್ಕೊಡುಗೆಯ ವಿಡಿಯೋ ಹಾಕಿದರು. ಅದರಲ್ಲಿ ನಾನು ಅವರನ್ನು ಹೊಗಳಿ ಸುಮ್ಮನಾಗುತ್ತೇನೆ. ಕೆಳಗೆ ಸಾಲುಸಾಲು ಕೈಮುಗಿದ ಚಿತ್ರಗಳು. ಕಾಲೇಜಿನಲ್ಲಿರುವ ಮಗಳು ಅದನ್ನು ನೋಡಿ ಫೋನ್ ಮಾಡಿದಳು.

"ಅಪ್ಪಾ, ಆಮೇಲೆ ನನ್ ಬಗ್ಗೆ ಒಂದು ಮಾತು ಹೇಳಿದ್ಯಲ್ಲ. ಅದೆಲ್ಲಿ?"

"ಕತ್ತರಿಸಿದ್ದಾರೆ ಪುಟ್ಟಿ."

"ಹಾಗಾದ್ರೆ ನೀನೇ ವಾಪಸ್ ಹಾಕು" ಎಂದಳು.

ಇಲ್ಲಿ ಬರೆದು ಹಾಕಿದ್ದೇನೆ, ಮಗಳೇ.